ಅಳಿಸಿದ ಸಾಲು

ಬೆಳಕು ಹರಿಯುವ ಮೊದಲೇ ಶಿರಾಲಿಯ ದೀಪಿಕಾ ಅಂಗಳ ಗುಡಿಸಿ, ಬಂಗಡೆ ತೊಳೆದು, ಅನ್ನಕ್ಕಿಟ್ಟು, ಗಂಡನ ಅಂಗಿಗೆ ಇಸ್ತ್ರಿ ಹಾಕಿದ್ದಳು. ಹೊನ್ನಾವರದ ಕಾಲೇಜೊಂದರಲ್ಲಿ ಇವತ್ತು ಅವಳಿಗೆ ಉಪನ್ಯಾಸಕಿ ಕೆಲಸದ ಸಂದರ್ಶನ. ಗಂಡ ಭಾಸ್ಕರ ಕುಮಟೆಯಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ಮಹಾಪಂಡಿತ. ತರಗತಿಯಲ್ಲಿ ತನ್ನದೆಂದು ತೋರಿಸಲು ಅವಳಿಂದಲೇ ಬರೆಸಿಕೊಂಡ ಮೀನಿನ ದರದ ಪ್ರೋಗ್ರಾಮ್ ನಿಂತುಬಿಟ್ಟಿತ್ತು.

“ಎಂತ ಮಾಡಿದ್ಯೆ? ನಿನ್ನೆ ಓಡ್ತಿತ್ತು!”

“ದರ ಬರ್ದಿಟ್ಟ ಮಾಡ್ಯೂಲನ್ನ ಇಂಪೋರ್ಟ್ ಮಾಡಿ ತರೂ ಸಾಲು ಎಲ್ಲಿ?”

“ಅಳಿಸ್ದೆ. ಮೀನಿನ ಪ್ಯಾಕೇಜ್ ಇಂಪೋರ್ಟ್ ಆಗಿದ್ಯಲ್ಲ, ಎಲ್ಲ ಬತ್ತದೆ.”

“ಪ್ಯಾಕೇಜ್ ತಂದ ಕೂಡ್ಲೆ ಒಳಗಿನ ಮಾಡ್ಯೂಲೆಲ್ಲ ತಾನಾಗೇ ಬರೂದಿಲ್ಲ. ಬೇಕಾದ್ದನ್ನ ಹೆಸರು ಹೇಳಿ ಕರೀಬೇಕು. ಹೆಂಡ್ತಿ ತಂದ್ರೆ ಚಾಕರಿಯೆಲ್ಲ ಬಂತು ಅಂದ್ಕಂಡಂಗಲ್ಲ.”

“ಆತು, ನೀನೇ ಸರಿ ಮಾಡು. ನಿಂಗೆ ಇನ್ನೊಂದು ಬಸ್ಸು ಸಿಕ್ತದೆ.”

ಸಂದರ್ಶನಕ್ಕೆ ಸರಿಯಾದ ಹೊತ್ತಿಗೆ ಮುಟ್ಟಿಸುವ ಬಸ್ಸು ಈಗ ಬರುವುದೊಂದೇ. ದೀಪಿಕಾ ಗ್ಯಾಸ್ ಆರಿಸಿ, ಚಪ್ಪಲಿ ಮೆಟ್ಟಿ, ಹೆದ್ದಾರಿಯತ್ತ ನಡೆದಳು.