ಹಾಲುಪುಡಿ ಡಬ್ಬದ ತೂತುಗಳು

ನನಗೆ ಫೋಟೊ ಕೆಲಸ ಕಲಿಸಿದವರ ಬೆರಳ ತುದಿಗಳು ಸದಾ ಕಂದು ಬಣ್ಣಕ್ಕಿರುತ್ತಿದ್ದವು. ಫೋಟೊ ತೊಳೆಯುವ ಮದ್ದಿನ ಕಲೆ. ಎಷ್ಟು ಸೋಪು ತಿಕ್ಕಿದರೂ ಹೋಗದು. ಇದನ್ನು ಬರೆಯಲು ನಾನು ಅವರು ಸಾಯುವವರೆಗೆ ಕಾದೆ. ಹೇಡಿತನ, ಮತ್ತೇನಲ್ಲ.

ಮೊಗ್ರಾಲಿನ ಹೆದ್ದಾರಿ ಬದಿಯಲ್ಲಿ ಅವರ ಸ್ಟುಡಿಯೊ, ಹಿಂದುಗಡೆ ಮನೆ. ಹೈಸ್ಕೂಲು ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ ನಾನು ಮದುವೆಯಾದ ಮೇಲೂ ಅಲ್ಲೇ ಇದ್ದೆ. ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿಗೆ. ಗಲ್ಫಿಗೆ ಹೊರಟವರ ಪಾಸ್‌ಪೋರ್ಟ್ ಫೋಟೊ ತೆಗೆಯುವಾಗ ಅಣ್ಣ, "ಈಗ ನಗಬೇಡಿ, ಊರಿಗೆ ಬಂದ ಮೇಲೆ ನಗುವ" ಎನ್ನುತ್ತಿದ್ದರು.

ಅವರ ಒಬ್ಬಳೇ ಮಗಳು ನಡೆಯಲು ಕಲಿಯುವ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಉಳಿದದ್ದು ಹಳೆಯ ದೊಡ್ಡ ಕ್ಯಾಮೆರಾದಲ್ಲಿ ಅಣ್ಣ ತೆಗೆದಿದ್ದ ಒಂದು ಗಾಜಿನ ನೆಗೆಟಿವ್. ಅದರ ಪ್ರಿಂಟ್ ಹಾಕಲು ಇಬ್ಬರಿಗೂ ಧೈರ್ಯ ಬಂದಿರಲಿಲ್ಲ. ವರ್ಷಗಳ ನಂತರ ಅತ್ತಿಗೆಯೇ, "ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿ ಕೊಡಿ. ಅವಳನ್ನು ನೋಡಬೇಕು" ಎಂದರು.

ಫೋಟೊ ದೊಡ್ಡದು ಮಾಡುವ ಸ್ಟುಡಿಯೊದ ಎನ್‌ಲಾರ್ಜರಿನಲ್ಲಿ ಆ ಗಾಜು ಹಿಡಿಸುತ್ತಿರಲಿಲ್ಲ. ದೊಡ್ಡದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ತಾವೇ ಒಂದನ್ನು ಮಾಡಲು ಅಣ್ಣ ಆ ಹಳೆಯ ಕ್ಯಾಮೆರಾವನ್ನೇ ಮುಖ ಕೆಳಗಾಗಿ ಹಲಸಿನ ಕಂಬಕ್ಕೆ ಬಿಗಿದರು. ಅದರ ಬೆನ್ನಿಗೆ ಹಾಲುಪುಡಿಯ ದೊಡ್ಡ ಡಬ್ಬ, ಒಳಗೆ ಬಲ್ಬು, ಬಿಸಿ ಹೊರಹೋಗಲು ಸುತ್ತಲೂ ತೂತು.

ಪಕ್ಕದ ಟೈಲರ್ ಇಣುಕಿದ. "ಎಂತ ಅಣ್ಣ, ಇದರಲ್ಲಿ ಇಡ್ಲಿ ಬೇಯಿಸುವುದಾ?"

"ಮೊದಲು ನಿನ್ನ ತಲೆ ಬೇಯಿಸಿ ನೋಡುವ ಮಾರಾಯ."

ಗಾಜನ್ನಿಟ್ಟು ಬಲ್ಬು ಹಾಕಿದಾಗ ಮಗುವಿನ ಮುಖ ಕಪ್ಪು ಬಿಳುಪು ಅದಲುಬದಲಾಗಿ ಹಲಗೆಯ ಮೇಲೆ ಬಿತ್ತು. "ಬಲ್ಬು ಆರಿಸಿಡು" ಎಂದು ಹೇಳಿ ಅಣ್ಣ ಅತ್ತಿಗೆಯನ್ನು ಕರೆಯಲು ಹೋದರು. ನಾನು ಆರಿಸಲಿಲ್ಲ. ತೂತುಗಳಿಂದ ಸೋರುವ ಬೆಳಕಿಗೆ ಪ್ರಿಂಟ್ ಮಂಕಾದೀತೆಂದು ಕಪ್ಪು ಬಟ್ಟೆಯನ್ನು ಡಬ್ಬಕ್ಕೆ ಸುತ್ತಿ, ಮುಖ ಇನ್ನೂ ಸ್ಪಷ್ಟವಾಗಲೆಂದು ಲೆನ್ಸ್ ಸರಿಪಡಿಸುತ್ತ ನಿಂತೆ. ಟಕ್ ಎಂದಿತು. ಬಟ್ಟೆ ಎಳೆದು ತೆಗೆದೆ. ಬಿಸಿಗೆ ಗಾಜು ಒಡೆದು, ಮುಖವಿದ್ದಲ್ಲಿ ಚಿತ್ರದ ಲೇಪ ಸುಲಿದುಹೋಗಿತ್ತು.

ಅಣ್ಣ ಬಂದು ಡಬ್ಬ ಮುಟ್ಟಿ ಕೈ ಹಿಂತೆಗೆದರು. "ತೂತು ಸಾಲಲಿಲ್ಲ. ನನ್ನದೇ ತಪ್ಪು" ಎಂದು ಹಿಂದೆಯೇ ಬಂದ ಅತ್ತಿಗೆಗೆ ಹೇಳಿದರು. ಬಟ್ಟೆ ಇನ್ನೂ ನನ್ನ ಕೈಯಲ್ಲಿತ್ತು. ಅದನ್ನು ಮೆಲ್ಲನೆ ಮಡಚತೊಡಗಿದೆ.

ಮರುದಿನ ಅವರು ಅದನ್ನೆಲ್ಲ ಬಿಚ್ಚಿಹಾಕಿದರು. ಮುಂದೆ ನಾನು ಸ್ವಂತ ಸ್ಟುಡಿಯೊ ತೆರೆದಾಗ ದೀಪ ಹಚ್ಚಿದ್ದೂ ಅವರೇ.

ಹೋದ ತಿಂಗಳು ಅಣ್ಣ ತೀರಿಕೊಂಡರು. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಹೋಗಿದ್ದೆ. ಅತ್ತಿಗೆ ಎಲೆಯ ಮುಂದೆ ನಿಂತು, "ಮಗುವಿನ ಮುಖ ಸುಟ್ಟವರು ಅಂತ ಅವರಿಗೆ ಎಷ್ಟು ಸಲ ಹೇಳಿದ್ದೇನೋ. ಒಂದು ಸಲವೂ ತಿರುಗಿ ಮಾತಾಡಲಿಲ್ಲ" ಎಂದರು. ಮತ್ತೆ, "ಪಾಯಸ ಹಾಕಲಾ?" ಎಂದರು.

"ಸ್ವಲ್ಪ ಹಾಕಿ" ಎಂದೆ. ಉಂಡು ಎದ್ದು ಬಂದೆ.

ಅಣ್ಣನಲ್ಲಿ ಕ್ಷಮೆ ಕೇಳುವ ಕಾಲ ಹೋಯಿತು. ಎದುರಿಗೇ ನಿಂತಿದ್ದ ಅತ್ತಿಗೆಯಲ್ಲೂ ನಾನು ಕೇಳದೆ ಬಂದೆ.