ಗೊತ್ತಿರುವ ಕಲ್ಲು

ಕಲ್ಲು ಕಂಡರೆ ನಮ್ಮ ಭೂವಿಜ್ಞಾನದ ಮೇಷ್ಟ್ರು ಮೊದಲು ಅದನ್ನು ನೆಕ್ಕುತ್ತಿದ್ದರು. ನಾಲಿಗೆಯ ತುದಿಗೆ ಸದಾ ಒಂದಿಷ್ಟು ಮಣ್ಣಿನ ಬಣ್ಣ. ಒದ್ದೆಯಾದರೆ ಕಲ್ಲಿನ ಕಣಗಳು ಚೆನ್ನಾಗಿ ಕಾಣುತ್ತವೆ ಎಂಬುದು ಅವರ ಸಮರ್ಥನೆ. “ಬಾಟ್ಲಿನಾಗೆ ನೀರು ಐತಲ್ರಿ ಸರ್?” ಎಂದು ಕೇಳಿದರೆ, “ಅದು ಕುಡಿಯಾಕೆ ಕಣಮ್ಮ” ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ನಂತರದ ಮಾತು. ಚಿತ್ರದುರ್ಗದ ಕಾಲೇಜಿನಲ್ಲಿ ನಾನು ಅವರ ವಿದ್ಯಾರ್ಥಿನಿ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ಯಾರು ಏನು ಹೇಳಿದರೂ ‘ಆಧಾರ ಏನು?’ ಎನ್ನುವ ಚಟ ಹತ್ತಿತ್ತು. ಬೇರೆ ಮೇಷ್ಟ್ರುಗಳು ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಇವರು ಮಾತ್ರ ಎದುರಿಗೆ ಕೂರಿಸಿಕೊಂಡು, ಸಮಾಧಾನವಾಗಿ ಜಗಳವಾಡುತ್ತಿದ್ದರು.

ಅವರ ಹಳೆಯ ಶಿಷ್ಯನೊಬ್ಬ ದೊಡ್ಡ ಪ್ರಯೋಗಾಲಯವೊಂದರಲ್ಲಿದ್ದ. ಬೇರೆ ಗ್ರಹದ ನೆಲದ ಮೇಲೆ ಓಡಾಡಿ, ಅಲ್ಲಿನ ಕಲ್ಲಿನಲ್ಲಿ ಏನೇನಿದೆ ಎಂದು ತಿಳಿಸುವ ಪುಟ್ಟ ಗಾಡಿಯ ಮಾದರಿಯೊಂದನ್ನು ಅಲ್ಲಿ ಕಟ್ಟುತ್ತಿದ್ದರು. ಗುರುತಿಲ್ಲದ ಕಲ್ಲಿನ ಮುಂದೆ ನಿಲ್ಲುವ ಮುನ್ನ ಗಾಡಿಯ ಯಂತ್ರಕ್ಕೆ ಗೊತ್ತಿರುವ ಕಲ್ಲೊಂದನ್ನು ತೋರಿಸಬೇಕು. ಅದರ ಬಗ್ಗೆ ಯಂತ್ರ ನಿಜ ಹೇಳಿದರೆ ಉಳಿದದ್ದನ್ನೂ ನಂಬಬಹುದು. ಆ ಕಲ್ಲನ್ನು ಕೊಟ್ಟವರು ನಮ್ಮ ಮೇಷ್ಟ್ರು. ಹೊಳಲ್ಕೆರೆ ಕಡೆಯ ಗುಡ್ಡದಿಂದ ಕಪ್ಪು ಕಲ್ಲು ತಂದು, ಒಂದು ತುಂಡನ್ನು ಪುಡಿ ಮಾಡಿ, ಯಾವ ಅಂಶ ಎಷ್ಟಿದೆ ಎಂದು ತಿಂಗಳುಗಟ್ಟಲೆ ಪರೀಕ್ಷಿಸಿದರು. ಪಕ್ಕದ ತುಂಡನ್ನು ಕುಯ್ದು, ಉಜ್ಜಿ, ನಾಣ್ಯದಷ್ಟು ಬಿಲ್ಲೆ ಮಾಡಿ ಕಳಿಸಿದರು.

ಕೆಲವು ದಿನಗಳ ಮೇಲೆ ಶಿಷ್ಯನ ಫೋನ್ ಬಂತು. ಯಂತ್ರ ಆ ಬಿಲ್ಲೆಯಲ್ಲಿ ಸುಣ್ಣದ ಅಂಶವನ್ನು ವಿಪರೀತ ತೋರಿಸುತ್ತಿದೆಯಂತೆ. ‘ನಿಮ್ಮ ಲೆಕ್ಕ ತಪ್ಪಲ್ಲ ಸರ್, ನಾಳೆ ಯಂತ್ರವನ್ನೇ ತಿದ್ದಿಬಿಡ್ತೀವಿ’ ಎಂದನಂತೆ. ಮೇಷ್ಟ್ರು ಅವತ್ತು ಬುತ್ತಿಯನ್ನೇ ಬಿಚ್ಚಲಿಲ್ಲ. ಗುರುವಿನ ಮೇಲಿನ ಭಕ್ತಿಗೆ ಅವನು ಸರಿಯಿರುವ ಯಂತ್ರವನ್ನು ಕೆಡಿಸಿದರೆ?

ನಾನು ಪಾಟೀಸವಾಲಿಗೆ ಕೂತೆ.

“ನಿಮ್ಮ ಲೆಕ್ಕಾನೇ ತಪ್ಪಿರಬಾರ್ದೇನ್ರಿ ಸರ್?”

“ತಿರುಗ್ಸಿ ತಿರುಗ್ಸಿ ನೋಡ್ದೆ. ಸರಿ ಐತೆ.”

“ಪುಡಿ ಮಾಡಿದ ತುಂಡು ಬೇರೆ, ಕಳಿಸಿದ ತುಂಡು ಬೇರೆ.”

“ಒಂದೇ ಬಂಡೆ ಕಣಮ್ಮ. ಅಣ್ಣತಮ್ಮಂದಿರು ಇದ್ದಂಗೆ ಅವೆ.”

“ಅಣ್ಣತಮ್ಮಂದಿರು ಒಂದೇ ತರ ಇರ್ತಾರಾ?”

“ಲೇ, ಕಲ್ಲಿಗೆ ಆಸ್ತಿ ಜಗಳ ಇಲ್ಲ. ಮುಂದಕ್ಕೆ ಕೇಳು.”

“ಉಜ್ಜಿದ ಮೇಲೆ ಯಾರು ಮುಟ್ಟಿದ್ರು?”

“ಯಾರೂ ಮುಟ್ಟಿಲ್ಲ. ಬೀರುನಾಗೆ ಇತ್ತು. ಪೂಜೆ ದಿನ ಒಂದ್ಸತಿ ನಾನೇ ತೆಗ್ದು…”

ಮೇಷ್ಟ್ರು ತಮ್ಮ ಬೆರಳುಗಳನ್ನೇ ನೋಡಿಕೊಂಡರು.

ಆಯುಧಪೂಜೆಯ ದಿನ ಸುತ್ತಿಗೆ, ಜರಡಿ, ಸೂಕ್ಷ್ಮದರ್ಶಕ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿಟ್ಟು ವಿಭೂತಿ ಹಚ್ಚುವುದು ಅವರ ಪದ್ಧತಿ. ‘ಸೂಕ್ಷ್ಮದರ್ಶಕಕ್ಕೂ ದೃಷ್ಟಿ ಆಗುತ್ತೇನ್ರಿ?’ ಎಂದು ವಾದಿಸಿ ನಾನು ಆ ದಿನ ಅವರ ಕೋಣೆಯೊಳಗೇ ಬಂದಿರಲಿಲ್ಲ.

“ಬಿಲ್ಲೆಗೂ ಹಚ್ಚಿದ್ರಾ ಸರ್?”

“ಮೂರು ಬೆರಳಾಗೆ ಎಳ್ದಿದ್ದೆ. ಆಮ್ಯಾಲೆ ಬಟ್ಟೇಲಿ ಒರೆಸ್ದೆ.”

ಬಟ್ಟೆ ಒರೆಸೀತು, ಕಲ್ಲಿನ ಸಣ್ಣ ತೂತುಗಳಲ್ಲಿ ಕೂತ ಬೂದಿ ಎಲ್ಲಿಗೆ ಹೋದೀತು? ಬೂದಿಯಲ್ಲಿ ಸುಣ್ಣದ ಅಂಶ ಧಾರಾಳ. ಯಂತ್ರ ನೋಡುವುದೋ ಮೇಲಿನ ಪದರವನ್ನಷ್ಟೇ.

ಮೇಷ್ಟ್ರು ಫೋನನ್ನೇ ದಿಟ್ಟಿಸುತ್ತ ಕೂತರು. “ಇಡೀ ಲ್ಯಾಬು ಬಿದ್ದುಬಿದ್ದು ನಗ್ತೈತೆ” ಎಂದರು. ಅದೇ ವರ್ಷ ಅವರ ನಿವೃತ್ತಿ. ಬಿಲ್ಲೆ ದಾರಿಯಲ್ಲಿ ಕೆಟ್ಟಿರಬೇಕು, ಬೇರೆಯದು ಕಳಿಸುತ್ತೇನೆ ಎಂದಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಯಂತ್ರ ಸರಿಯಾಗಿದೆ ಎಂಬ ಸಂಗತಿ ಆಗ ಲ್ಯಾಬಿನವರಿಗೆ ತಿಳಿಯುತ್ತಲೂ ಇರಲಿಲ್ಲ. ಮೇಷ್ಟ್ರು ನಂಬರು ಒತ್ತಿದರು.

“ಏನಪ್ಪ, ಯಂತ್ರ ಮುಟ್ಬ್ಯಾಡ. ಅದು ಇದ್ದದ್ದನ್ನೇ ಹೇಳೈತೆ. ನಾನು ಬಿಲ್ಲೆಗೆ ವಿಭೂತಿ ಹಚ್ಚಿದ್ದೆ… ಹೂಂನಪ್ಪ, ವಿಭೂತಿ. ಹಣೆಗೆ ಹಚ್ಕಂತೀವಲ್ಲ, ಅದೇ.”

ಆ ಕಡೆಯ ನಗು ನಾನು ಕೂತಿದ್ದಲ್ಲಿಗೂ ಕೇಳಿಸಿತು.

“ನಗು, ನಗು. ನಕ್ಕು ಮುಗಿದ ಮ್ಯಾಲೆ ಬ್ರಷ್ ಹಾಕಿ ತೊಳಿ.”

ಮರುದಿನ ಮತ್ತೆ ಫೋನ್. ತೊಳೆದ ಬಿಲ್ಲೆಯ ಅಂಕಿಗಳು ಮೇಷ್ಟ್ರ ಅಂಕಿಗಳಿಗೆ ಸರಿಯಾಗಿ ಕೂತಿದ್ದವು. ಅವರು ಉಸ್ಸೆಂದು ಫೋನಿಟ್ಟವರೇ ಬುತ್ತಿ ಬಿಚ್ಚಿ, ನಿಂತಲ್ಲೇ ರೊಟ್ಟಿ ಮುರಿದರು. ಅರ್ಧ ನನ್ನ ಕೈಗಿಟ್ಟರು.

“ಗೆದ್ದೆ ಅಂತ ಕುಣೀಬ್ಯಾಡ. ಮುಂದ್ಲ ವರ್ಷ ಮನ್ಯಾಗಾದ್ರೂ ಸುತ್ತಿಗೆಗೆ ಪೂಜೆ ಮಾಡೋನೇ. ಬಿಲ್ಲೆ ತಂಟೆಗೆ ಮಾತ್ರ ಹೋಗಲ್ಲ.”

ಎದುರುತ್ತರ ಸಿದ್ಧವಿತ್ತು. ಬಾಯಿತುಂಬ ಶೇಂಗಾ ಚಟ್ನಿ ಇದ್ದುದರಿಂದ ಸುಮ್ಮನಾದೆ. ನನಗೂ ಜೀವ ಬಂದಂತಾಗಿತ್ತು.

ಆ ಮಾದರಿ ಗಾಡಿ ಎಲ್ಲಿಗೂ ಹಾರಲಿಲ್ಲ. ಮರಳು ಸುರಿದ ಕೊಠಡಿಯೊಂದರಲ್ಲೇ ಓಡಾಡಿತಂತೆ. ಮೇಷ್ಟ್ರು ನಿವೃತ್ತರಾಗಿ ಹೊಸದುರ್ಗ ಸೇರಿ, ಕೆಲವು ವರ್ಷಗಳಲ್ಲಿ ತೀರಿಕೊಂಡರು. ನಾನು ವಾದ ಬಿಟ್ಟಿಲ್ಲ. ಎದುರಿನವರ ಮಾತು ಶುದ್ಧ ಸುಳ್ಳೆನಿಸಿದಾಗ ಮಾತ್ರ, ನನ್ನ ಕಡೆ ಏನಾದರೂ ಮೆತ್ತಿಕೊಂಡಿದೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ. ಎಷ್ಟೋ ಸಲ ಏನಾದರೊಂದು ಇರುತ್ತದೆ. ಇಲ್ಲದ ದಿನ ಮನಸ್ಸು ಹಗುರ. ತೋಳೇರಿಸಿ ಜಗಳಕ್ಕೆ ಇಳಿಯುತ್ತೇನೆ.