ವಿಲ್ಸನಣ್ಣನ ಬ್ಯಾಕಪ್ ಸಿಡಿ

ದುಬೈಯ ಅಲ್ ಕೂಜ್‌ನಲ್ಲಿ ಕೂತ ಸುನಿಲ್ ಅಬುಧಾಬಿಯ ನಮ್ಮ ಫ್ಲ್ಯಾಟಿನ ಕಂಪ್ಯೂಟರ್ ರಿಪೇರಿ ಮಾಡಿ ಸ್ಟೆಲ್ಲಾ ಅಕ್ಕನ ನೌಕರಿ ಉಳಿಸಿದ. ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಬಿಲ್ಡಿಂಗಿನಲ್ಲಿ ಈಗ ಚಲಾವಣೆಯಲ್ಲಿರುವ ಕಥೆ ಇದು. ಪರದೆಯ ಮೇಲೆ ಮೌಸಿನ ಬಾಣ ತಾನಾಗಿಯೇ ಓಡಾಡಿತಂತೆ. ಫೋಲ್ಡರುಗಳು ತಾವಾಗಿಯೇ ತೆರೆದುಕೊಂಡವಂತೆ.

ಬಾಣ ಓಡಾಡಿದ್ದು ನಿಜ, ನಾನೇ ನೋಡಿದ್ದೇನೆ. ಉಳಿದದ್ದಕ್ಕೆ ನನ್ನ ತಕರಾರಿದೆ.

ಸ್ಟೆಲ್ಲಾ ಅಕ್ಕ ನರ್ಸ್. ಅವರ ಫ್ಲ್ಯಾಟಿನ ಒಂದು ರೂಮಿನಲ್ಲಿ ನಾನು ಬಾಡಿಗೆಗೆ ಶೇರಿಂಗ್. ಗಂಡ ವಿಲ್ಸನಣ್ಣ ದುಬೈ ಕಡೆಯ ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ವಾರವಿಡೀ ಅಲ್ಲೇ ಕಂಪನಿ ರೂಮು, ವಾರದ ರಜೆ ಶುಕ್ರವಾರವಾದ್ದರಿಂದ ಗುರುವಾರ ಸಂಜೆ ಇಲ್ಲಿಗೆ. ಇಬ್ಬರೂ ಮಂಗಳೂರಿನವರು. (ಅವರ ಜಗಳ ಕೊಂಕಣಿಯಲ್ಲಿ ನಡೆಯುತ್ತದೆ; ನನಗೆ ಸಿಗುವುದು ಕನ್ನಡ ಸಾರಾಂಶ.) ಸುನಿಲ್ ವಿಲ್ಸನಣ್ಣನ ಊರಿನ ಗೆಳೆಯ, ಕಂಪ್ಯೂಟರ್ ಬಲ್ಲವನು.

ಅಕ್ಕನಿಗೆ ಮಂಗಳವಾರ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಿತ್ತು. ಒಮ್ಮೆ ಫೇಲಾಗಿತ್ತು. ಈ ಸಲವೂ ಹೋದರೆ ಆಸ್ಪತ್ರೆಯವರು ಇಟ್ಟುಕೊಳ್ಳುವುದಿಲ್ಲ. ವೀಸಾ ಕ್ಯಾನ್ಸಲ್, ಖಲಾಸ್. ಒಂದು ವರ್ಷ ಡ್ಯೂಟಿ ಮುಗಿಸಿ ಬಂದು ಬಂದು ಟೈಪ್ ಮಾಡಿದ ನೋಟ್ಸ್, ನಲವತ್ತಮೂರು ಫೈಲು, ಆ ಕಂಪ್ಯೂಟರಿನಲ್ಲಿತ್ತು. ಅದಕ್ಕೋ ವೈರಸ್. ಆನ್ ಮಾಡಿದ ಹತ್ತು ನಿಮಿಷಕ್ಕೆ ತಾನೇ ಆಫ್.

ಶುಕ್ರವಾರ ಚರ್ಚಿನಿಂದ ಬಂದವರೇ ವಿಲ್ಸನಣ್ಣ ಸುನಿಲ್‌ಗೆ ಫೋನ್ ಹಚ್ಚಿದರು. ಲ್ಯಾಂಡ್‌ಲೈನಿನಲ್ಲಿ ಇಂಟರ್ನೆಟ್, ಮೊಬೈಲಿನ ಸ್ಪೀಕರಿನಲ್ಲಿ ಸುನಿಲ್, ಕೀಬೋರ್ಡಿನ ಮುಂದೆ ನಾನು. ನಮ್ಮ ಕಂಪ್ಯೂಟರನ್ನು ಅವನು ಅಲ್ಲಿಂದಲೇ ನಡೆಸಲು ಬಿಡುವ ರಿಮೋಟ್ ಅಸಿಸ್ಟೆನ್ಸ್‌ಗೆ ‘ಯೆಸ್’ ಒತ್ತಿದೆ. ಬಾಣ ಹೊರಟಿತು, ಅಲ್ಲಿ ಇಲ್ಲಿ ಇಣುಕಿತು, ನಿಂತಿತು.

“ಇದು ಆಗುದಿಲ್ಲ. ಎಲ್ಲ ಅಳಿಸಿ ಫಾರ್ಮ್ಯಾಟೇ ಮಾಡ್ಬೇಕು. ಬ್ಯಾಕಪ್ ಉಂಟಲ್ಲ?” ಸುನಿಲ್ ಕೇಳಿದ.

“ಎಂತ ಕೇಳುದು ಮಾರಾಯ?” ವಿಲ್ಸನಣ್ಣನಿಗೆ ಅವಮಾನವಾದಂತಾಯಿತು. “ಹೋದ ವಾರವೇ ಸಿಡಿ ಮಾಡಿಟ್ಟಿದ್ದೇನೆ. ನಲವತ್ತಮೂರಕ್ಕೆ ನಲವತ್ತಮೂರು, ಟ್ಯಾಲಿ.”

ಅದೇ ಕಂಪ್ಯೂಟರಿಗೆ ಸಿಡಿ ಹಾಕಿ ಒಂದು ಫೈಲು ಒತ್ತಿ ತೋರಿಸಿದರು. ತೆರೆಯಿತು.

“ಎಲ್ಲ ಸರಿ ಉಂಟಾ ಅದ್ರಲ್ಲಿ?” ಅಕ್ಕ ನನ್ನನ್ನೇ ಕೇಳಿದರು.

“ಲೆಕ್ಕ ಸರಿಯಿದೆ. ತೆರೆದರೆ ತೆರೆಯುತ್ತೆ. ಇನ್ನೇನು ಸಾಕ್ಷಿ ಬೇಕು ಅಕ್ಕಾ?” ಎಂದೆ. ಕಾಲೇಜಿನಲ್ಲಿ ನಾಲ್ಕು ವರ್ಷ ಡಿಬೇಟ್ ಮಾಡಿ, ಎದುರಿನವರ ಸಾಕ್ಷಿ ಎಲ್ಲಿಂದ ಬಂತೆಂದು ಕೇಳಿ ಕೇಳಿ ಕಪ್ ಗೆದ್ದವಳು ನಾನು. ಅವತ್ತು ಕೇಳಲಿಲ್ಲ.

ಫಾರ್ಮ್ಯಾಟ್ ಮಾಡಲು ರಿಮೋಟ್ ಬರುವುದಿಲ್ಲ. ಬಾಣ ನಮ್ಮನ್ನು ಬಿಟ್ಟು ದುಬೈಗೆ ಮರಳಿತು. ಇನ್ನು ಸುನಿಲ್ ಫೋನಿನಲ್ಲಿ ಹೇಳುವುದು, ನಾನು ಒತ್ತುವುದು.

“ಎಷ್ಟು ಹೊತ್ತು ಇದು?” ಅಕ್ಕ ಕೇಳಿದರು.

“ಮೂರು ಗಂಟೆ ಬೇಕು ಅಕ್ಕಾ,” ಎಂದ ಸುನಿಲ್.

“ಮೂರು ಗಂಟೆ ನಾನು ಗೋಡೆ ನೋಡುದಾ? ನಿನ್ನ ಲ್ಯಾಪ್‌ಟಾಪ್ ಕೊಡು ಮಾರಾಯ್ತಿ, ಓದ್ತೇನೆ.” ನನ್ನ ಆಫೀಸ್ ಲ್ಯಾಪ್‌ಟಾಪನ್ನೂ ಆ ಸಿಡಿಯನ್ನೂ ಎತ್ತಿಕೊಂಡು ಪಕ್ಕದ ರೂಮಿಗೆ ನಡೆದರು.

ನೀಲಿ ಪರದೆ ಬಂತು. ಮುಂದುವರಿದರೆ ಎಲ್ಲ ಫೈಲೂ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ. “ಈಗ ಎಫ್ ಒತ್ತು,” ಎಂದ ಸುನಿಲ್.

“ಇದು ಒಂದೂ ಓಪನ್ ಆಗ್ತಾ ಇಲ್ಲ!” ಪಕ್ಕದ ರೂಮಿನಿಂದ ಕೂಗು.

“ಸರಿ ಒತ್ತು! ಡಬಲ್ ಕ್ಲಿಕ್!” ವಿಲ್ಸನಣ್ಣ ಇಲ್ಲಿಂದಲೇ ಕೂಗಿದರು.

“ಒತ್ತಿ ಒತ್ತಿ ಬೆರಳು ಹೋಯ್ತು! ಬನ್ನಿ ಇಲ್ಲಿ ನೀವು!”

ನಾನು ಎಫ್ ಮೇಲಿನ ಬೆರಳು ತೆಗೆದೆ. ಮೊಬೈಲ್ ಹಿಡಿದು ಎದ್ದು ಹೋಗಿ ನೋಡಿದೆ.

“ಒಂದೊಂದು ಫೈಲು ಎಷ್ಟು ದೊಡ್ಡದುಂಟು?” ಸುನಿಲ್ ಕೇಳಿದ.

“ಒಂದು ಕೆಬಿ. ಎಲ್ಲವೂ ಒಂದೇ ಕೆಬಿ.”

ಸುನಿಲ್ ಅಲ್ ಕೂಜ್‌ನಿಂದಲೇ ಕಿರುಚಿದ: “ಅಯ್ಯೋ, ಅದು ಶಾರ್ಟ್‌ಕಟ್! ಎಂತದೂ ಒತ್ಬೇಡ ಇನ್ನು!”

ಆಗಿದ್ದಿಷ್ಟು. ಗೋದಾಮಿನಲ್ಲಿ ದಿನಾ ಬೇಕಾಗುವ ಮಾಲನ್ನು ಮುಂದಿನ ರ‍್ಯಾಕಿಗೆ ತಂದಿಡುತ್ತಾರೆ. ಹೆಂಡತಿಗೆ ಹುಡುಕಾಟ ಬೇಡವೆಂದು ವಿಲ್ಸನಣ್ಣ ಎಲ್ಲ ಫೈಲಿಗೂ ಒಂದೊಂದು ಶಾರ್ಟ್‌ಕಟ್ ಮಾಡಿ, ಡೆಸ್ಕ್‌ಟಾಪಿನಲ್ಲಿ ಒಂದು ಫೋಲ್ಡರಿನೊಳಗೆ ಜೋಡಿಸಿಟ್ಟಿದ್ದರು. ಪ್ರೀತಿಯ ಕೆಲಸವೇ. ಆಮೇಲೆ ಸಿಡಿಗೆ ಹಾಕಿದ್ದೂ ಅದೇ ಫೋಲ್ಡರು. ಶಾರ್ಟ್‌ಕಟ್ ಎಂದರೆ ಬರೀ ವಿಳಾಸದ ಚೀಟಿ. ಅಸಲು ಫೈಲು ಇರುವ ಕಂಪ್ಯೂಟರಿನಲ್ಲಿ ಒತ್ತಿದರೆ ತೆರೆಯುತ್ತದೆ, ಬೇರೆ ಕಡೆ ಏನೂ ಇಲ್ಲ. ಆದರೆ ಎಣಿಸಿದರೆ? ನಲವತ್ತಮೂರೇ. ಸೀಲು ಸರಿಯಿದ್ದು ಎಣಿಕೆ ಸರಿಬಂದರೆ ಪೆಟ್ಟಿಗೆ ಬಿಚ್ಚಬಾರದು ಎಂಬುದು ಹದಿನಾಲ್ಕು ವರ್ಷದಿಂದ ಅವರಿಗೆ ಅನ್ನ ಕೊಟ್ಟ ಗೋದಾಮಿನ ನಿಯಮ.

ಫಾರ್ಮ್ಯಾಟ್ ಬಿಟ್ಟು ಹೊರಬಂದೆವು. ಕಂಪ್ಯೂಟರ್ ಮೂರು ಸಲ ಆಫ್ ಆಗುವಷ್ಟರಲ್ಲಿ ಅಸಲು ಫೈಲುಗಳನ್ನು ಹೊಸ ಸಿಡಿಗೆ ಇಳಿಸಿದೆವು. ಅಕ್ಕ ಲ್ಯಾಪ್‌ಟಾಪಿನಲ್ಲಿ ಒಂದೊಂದನ್ನೇ ತೆರೆದು “ಹ್ಞೂಂ” ಅಂದ ಮೇಲೆಯೇ ನಾನು ಎಫ್ ಒತ್ತಿದ್ದು. ಮಂಗಳವಾರ ಪರೀಕ್ಷೆ ಬರೆದರು. ಪಾಸು.

ಹಾಗಾದರೆ ಉಳಿಸಿದ್ದು ಯಾರು? ಸುನಿಲ್ ರಿಪೇರಿ ಚೆನ್ನಾಗಿಯೇ ಮಾಡಿಸಿದ, ಆದರೆ ‘ಒತ್ತು’ ಎಂದವನೂ ಅವನೇ. ಅನುಮಾನಿಸುವುದೇ ಅಭ್ಯಾಸವಾಗಿರುವ ನನಗೆ ಅನುಮಾನ ಬರಲಿಲ್ಲ. ಅಕ್ಕನಿಗಾದರೂ ಬಂತೇ? ಇಲ್ಲ. ಪರೀಕ್ಷಿಸಲೆಂದು ಅವರು ಸಿಡಿ ಒಯ್ಯಲಿಲ್ಲ, ಓದಲೆಂದು ಒಯ್ದರು. ನಮಗೆ ಮೂವರಿಗೆ ಬೇಕಿದ್ದದ್ದು ಬ್ಯಾಕಪ್. ಅವರಿಗೆ ಬೇಕಿದ್ದದ್ದು ನೋಟ್ಸ್.

ಗಲ್ಫಿನವರಾದ ನಮ್ಮ ಬ್ರೀಫ್‌ಕೇಸುಗಳನ್ನೇ ನೋಡಿ. ಪಾಸ್‌ಪೋರ್ಟ್ ಕಾಪಿ, ಅಟೆಸ್ಟ್ ಆದ ಸರ್ಟಿಫಿಕೇಟು, ಇನ್ಶೂರೆನ್ಸ್ ಕಾಗದ. ಇದೆ ಎಂದು ಗೊತ್ತು. ಬಿಚ್ಚಿ ಓದಿದ್ದು ಯಾವಾಗ?

ಮೊನ್ನೆ ಶುಕ್ರವಾರ ವಿಲ್ಸನಣ್ಣ ಇನ್ನೊಂದು ಸಿಡಿ ತಂದು ಕಪಾಟಿನಲ್ಲಿಟ್ಟರು. ಮದುವೆಯಿಂದ ಈಚಿನ ಮನೆಯ ಫೋಟೋಗಳೆಲ್ಲ ಅದರಲ್ಲಿವೆಯಂತೆ. ಕವರಿಗೆ ಸೆಲ್ಲೋಟೇಪು, ತಾರೀಖು, ಸಹಿ, ಕೆಳಗೆ ದಪ್ಪಕ್ಷರದಲ್ಲಿ ‘ಚೆಕ್ ಮಾಡಿದೆ, ಓಕೆ’.

ಯಾವ ಕಂಪ್ಯೂಟರಿನಲ್ಲಿ, ವಿಲ್ಸನಣ್ಣ?